ಮುದ್ದೆಯ ಅಳತೆ, ಸೂಜಿಯ ಅಳತೆ

ಕನಕದಾಸರ ‘ರಾಮಧಾನ್ಯ ಚರಿತೆ’ಯ ಕಥೆ ಕನ್ನಡ ಬಲ್ಲವರಿಗೆಲ್ಲ ಪರಿಚಿತವಾದುದು. ಅಕ್ಕಿಗೂ ರಾಗಿಗೂ ಹಿರಿಮೆಯ ವಿಷಯದಲ್ಲಿ ಜಗಳ ಹುಟ್ಟುತ್ತದೆ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದ ಮೇಲೆ ನೋಡಿದರೆ ಅಕ್ಕಿ ಕಳೆಗುಂದಿದೆ, ರಾಗಿ ಕೆಡದೆ ನಿಂತಿದೆ. ತೀರ್ಪು ರಾಗಿಯ ಕಡೆಗಾಗುತ್ತದೆ. ರಾಘವನ ಹೆಸರೇ ಅದಕ್ಕೆ ಬಿರುದಾಗಿ ದೊರೆಯುತ್ತದೆ. ರಾಗಿಯನ್ನೇ ಉಂಡು ಬೆಳೆದ ಕೋಲಾರ ಸೀಮೆಯವರಾದ ನಮಗೆ ಈ ತೀರ್ಪಿನ ಮೇಲೆ ಸಹಜವಾಗಿಯೇ ಅಭಿಮಾನ. ಆ ಅಭಿಮಾನದಿಂದಲೇ ಹುಟ್ಟಿದ ಒಂದು ಪ್ರಶ್ನೆಯೂ ನನ್ನ ಕಿವಿಗೆ ಪದೇ ಪದೇ ಬೀಳುತ್ತಿರುತ್ತದೆ. ನನ್ನ ಹುಟ್ಟೂರು ಕೋಲಾರ ತಾಲ್ಲೂಕಿನ ಕ್ಯಾಲನೂರು. ಅಲ್ಲಿಗೆ ಹೋದಾಗಲೆಲ್ಲ ಹಿರಿಯರು ಯಾರಾದರೊಬ್ಬರು ಕೇಳುತ್ತಾರೆ: “ಅಲ್ಲ ಮೇಷ್ಟ್ರೇ, ಹುಟ್ಟಿದಾಗಿನಿಂದ ಮುದ್ದೆ ತಿಂದೋರು ನಾವು. ಈ ಸಕ್ಕರೆ ಕಾಯಿಲೆ ನಮ್ಮೂರಿಗೆ ಹೆಂಗೆ ಬಂತು?”

ಪ್ರಶ್ನೆ ಸರಳವಾಗಿದೆ. ಆದರೆ ಅದಕ್ಕೆ ಸರಿಯಾದ ಉತ್ತರ ಹುಡುಕಹೊರಟರೆ ಮಧುಮೇಹವೆಂಬ ರೋಗದ ಸ್ವರೂಪವೂ ಅದನ್ನು ಹತೋಟಿಯಲ್ಲಿಡುವ ಬಗೆಯೂ ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ನಾನು ವೈದ್ಯನಲ್ಲ, ಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೆ ಇಪ್ಪತ್ತಾರು ವರ್ಷಗಳಿಂದ ಮಧುಮೇಹವೂ, ಹದಿನಾಲ್ಕು ವರ್ಷಗಳಿಂದ ಇನ್ಸುಲಿನ್ ಸೂಜಿಯೂ ನನ್ನ ದಿನಚರಿಯ ಸಂಗಾತಿಗಳಾಗಿವೆ. ವೈದ್ಯರಿಂದ ಕೇಳಿ ತಿಳಿದುದನ್ನೂ, ಓದಿ ಅರಿತುದನ್ನೂ, ನನ್ನ ತಟ್ಟೆಯ ಮುಂದೆಯೇ ಅಳೆದು ನೋಡಿದುದನ್ನೂ ಇಲ್ಲಿ ಹೇಳಬಯಸುತ್ತೇನೆ.

ಮೊದಲು ರೋಗದ ಮಾತು. ನಮ್ಮದು ಕೆರೆಗಳ ಜಿಲ್ಲೆ. ಆದುದರಿಂದ ಕೆರೆಯ ಉಪಮಾನವೇ ನನಗೆ ಸಮೀಪದ್ದೆನಿಸುತ್ತದೆ. ನಾವು ಉಂಡ ಅನ್ನ, ಮುದ್ದೆ, ರೊಟ್ಟಿ ಎಲ್ಲವೂ ಜೀರ್ಣವಾಗಿ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತವನ್ನು ಸೇರುತ್ತವೆ. ರಕ್ತವೇ ಕೆರೆ, ದೇಹದ ಕೋಟ್ಯಂತರ ಜೀವಕೋಶಗಳೇ ಕೆಳಗಿನ ಗದ್ದೆ. ಕೆರೆಯಲ್ಲಿ ನೀರಿದ್ದ ಮಾತ್ರಕ್ಕೆ ಗದ್ದೆ ನೆನೆಯದು. ನೀರಗಂಟಿ ಬಂದು ತೂಬು ಎತ್ತಬೇಕು. ಆ ನೀರಗಂಟಿಯೇ ಇನ್ಸುಲಿನ್. ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿಯಲ್ಲಿ ಚದರಿಹೋಗಿರುವ ಪುಟ್ಟ ಪುಟ್ಟ ಜೀವಕೋಶಗಳ ಗುಂಪುಗಳು ಈ ರಸವನ್ನು ಒಸರುತ್ತವೆ. ಅವನ್ನು 1869ರಲ್ಲಿ ಮೊದಲು ಕಂಡವನು ಜರ್ಮನಿಯ ಪಾಲ್ ಲ್ಯಾಂಗರ್‌ಹ್ಯಾನ್ಸ್ ಎಂಬ ತರುಣ ವಿದ್ಯಾರ್ಥಿ. ಸಮುದ್ರದ ನಡುವಣ ನಡುಗಡ್ಡೆಗಳಂತೆ ಕಾಣುವ ಆ ಗುಂಪುಗಳಿಗೆ ಮುಂದೆ ‘ಲ್ಯಾಂಗರ್‌ಹ್ಯಾನ್ಸನ ದ್ವೀಪಗಳು’ ಎಂದೇ ಹೆಸರಾಯಿತು. ಲ್ಯಾಟಿನ್ ಭಾಷೆಯಲ್ಲಿ ‘ಇನ್ಸುಲಾ’ ಎಂದರೆ ದ್ವೀಪ. ಇನ್ಸುಲಿನ್ ಎಂದರೆ ದ್ವೀಪದ ರಸ.

ತೂಬು ತೆರೆಯದೆ ಹೋದಾಗ ಏನಾಗುತ್ತದೆ? ಮೇಲೆ ಕೆರೆ ತುಂಬಿ ತುಳುಕುತ್ತಿರುತ್ತದೆ, ಕೆಳಗೆ ಗದ್ದೆ ಬಾಯಿ ಬಿಡುತ್ತಿರುತ್ತದೆ. ರಕ್ತದಲ್ಲಿ ಸಕ್ಕರೆ ಹೇರಳವಾಗಿದ್ದರೂ ರೋಗಿ ಬಳಲುತ್ತಾನೆ, ಹಸಿಯುತ್ತಾನೆ, ಬಡವಾಗುತ್ತಾನೆ. ರಕ್ತದ ಪ್ರತಿ 100 ಮಿಲಿಲೀಟರಿನಲ್ಲಿ ಸಕ್ಕರೆ ಸುಮಾರು 180 ಮಿಲಿಗ್ರಾಂ ದಾಟಿದಾಗ ಕೆರೆ ಕೋಡಿ ಬೀಳುತ್ತದೆ. ಹೆಚ್ಚಾದ ಸಕ್ಕರೆ ನೀರನ್ನೂ ಎಳೆದುಕೊಂಡು ಮೂತ್ರದಲ್ಲಿ ಹೊರಟುಹೋಗುತ್ತದೆ. ಅದರಿಂದಲೇ ಪದೇ ಪದೇ ಮೂತ್ರ, ಪದೇ ಪದೇ ಬಾಯಾರಿಕೆ. ಆ ಮೂತ್ರಕ್ಕೆ ಇರುವೆ ಮುತ್ತುವುದನ್ನು ಕಂಡ ನಮ್ಮ ಪ್ರಾಚೀನ ವೈದ್ಯರು ರೋಗಕ್ಕೆ ಮಧುಮೇಹವೆಂದು ಹೆಸರಿಟ್ಟರು.

ರೋಗದಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದರಲ್ಲಿ ನೀರಗಂಟಿಯೇ ಇಲ್ಲ. ಹೆಚ್ಚಾಗಿ ಮಕ್ಕಳನ್ನೂ ಹರೆಯದವರನ್ನೂ ಹಿಡಿಯುವ ಇದರಲ್ಲಿ ಇನ್ಸುಲಿನ್ ತಯಾರಾಗುವುದೇ ನಿಂತುಹೋಗುತ್ತದೆ. ಹೊರಗಿನಿಂದ ಕೊಡದೆ ಬದುಕಿಲ್ಲ. ಎರಡನೆಯದು ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವ ಬಗೆ. ಇದರಲ್ಲಿ ನೀರಗಂಟಿ ಇದ್ದಾನೆ, ಆದರೆ ತೂಬಿಗೆ ಹೂಳು ತುಂಬಿದೆ. ಬೊಜ್ಜು, ದೈಹಿಕ ಶ್ರಮದ ಅಭಾವ, ವಂಶದ ಒಲವು ಇವು ಆ ಹೂಳು. ಬಿಗಿದುಹೋದ ತೂಬನ್ನು ಎತ್ತಿ ಎತ್ತಿ ನೀರಗಂಟಿಯೂ ಕ್ರಮೇಣ ದಣಿಯುತ್ತಾನೆ. ವಿಸ್ಮಯದ ಸಂಗತಿಯೆಂದರೆ, ಹುಟ್ಟಿನಿಂದ ಬರುವ ಪ್ರಮೇಹ, ಅಪಥ್ಯದಿಂದ ಬರುವ ಪ್ರಮೇಹ ಎಂಬ ಎರಡು ಬಗೆಗಳನ್ನು ಸುಶ್ರುತ ಸಂಹಿತೆ ಎಂದೋ ಗುರುತಿಸಿತ್ತು. ಮೊದಲನೆಯವನು ಕೃಶನೆಂದೂ ಎರಡನೆಯವನು ಸ್ಥೂಲನೆಂದೂ ಅದು ಹೇಳುತ್ತದೆ.

ಅದೇ ಗ್ರಂಥದಲ್ಲಿ, ಔಷಧಕ್ಕೆ ಗತಿಯಿಲ್ಲದ ಬಡ ಪ್ರಮೇಹಿಗೆ ಹೇಳಿರುವ ಚಿಕಿತ್ಸೆ ಇನ್ನೂ ಸ್ವಾರಸ್ಯವಾಗಿದೆ. ಅವನು ಕಾಲಿಗೆ ಪಾದರಕ್ಷೆಯಿಲ್ಲದೆ, ತಲೆಗೆ ಕೊಡೆಯಿಲ್ಲದೆ ನೂರು ಯೋಜನ ನಡೆಯಬೇಕು; ಇಲ್ಲವೆ ಹೊಲ ಉಳಬೇಕು; ಬಾವಿ ತೋಡಬೇಕು. (ಪಾದರಕ್ಷೆಯ ವಿಷಯದಲ್ಲಿ ಮಾತ್ರ ಇಂದಿನ ವೈದ್ಯಶಾಸ್ತ್ರ ನೇರವಾಗಿ ವಿರುದ್ಧ ದಿಕ್ಕಿನಲ್ಲಿದೆ, ಅದನ್ನು ಮುಂದೆ ಹೇಳುತ್ತೇನೆ.) ಇದನ್ನು ಓದಿದಾಗ ನನ್ನ ತಂದೆಯವರ ಕಾಲದ ಕ್ಯಾಲನೂರು ಕಣ್ಣ ಮುಂದೆ ನಿಂತಿತು. ಬಾವಿ ತೋಡುವುದು, ಕಪಿಲೆ ಹೊಡೆಯುವುದು, ಗೊಬ್ಬರ ಹೊರುವುದು, ಸಂತೆಗೆ ನಡೆದು ಹೋಗಿಬರುವುದು ಇವೆಲ್ಲ ಅಂದಿನವರಿಗೆ ಚಿಕಿತ್ಸೆಯಾಗಿರಲಿಲ್ಲ, ಬಾಳುವೆಯೇ ಆಗಿತ್ತು. ಅಂಥವರು ಒಂದೊಂದು ಹೊತ್ತಿಗೆ ಎರಡು ಮುದ್ದೆ ಉಂಡರೆ ಅದು ಸಂಜೆಯೊಳಗೆ ಬೆವರಾಗಿ ಹರಿದುಹೋಗುತ್ತಿತ್ತು.

ಇಂದು ಬಾವಿಗಳು ಬತ್ತಿವೆ. ಸಾವಿರ ಅಡಿಗೂ ಮಿಕ್ಕಿ ಕೊರೆದ ಕೊಳವೆಬಾವಿಯ ಮೋಟಾರನ್ನು ಮನೆಯ ಜಗುಲಿಯಲ್ಲಿ ಕುಳಿತು ಮೊಬೈಲ್ ಫೋನಿನಿಂದ ಚಾಲೂ ಮಾಡುವ ರೈತರಿದ್ದಾರೆ. ಉಳುವುದಕ್ಕೆ ಟ್ರ್ಯಾಕ್ಟರ್, ಟೊಮೆಟೊ ಮಂಡಿಗೆ ಸಾಗಿಸಲು ಟೆಂಪೊ, ಡೈರಿಗೆ ಹಾಲು ಹಾಕಿ ಬರಲು ಮೋಟಾರ್ ಸೈಕಲ್. ಇವು ಬೇಡವೆಂದು ಯಾರೂ ಹೇಳಲಾರರು. ಕತ್ತೆದುಡಿತದಲ್ಲಿ ಸವೆದ ಹಿರಿಯರನ್ನು ಕಂಡ ನಾನಂತೂ ಹೇಳಲಾರೆ. ಆದರೆ ದುಡಿಮೆ ಇಳಿದಷ್ಟು ಮುದ್ದೆ ಇಳಿಯಲಿಲ್ಲ. ಅದರ ಜೊತೆಗೆ ಪಡಿತರದ ಪಾಲಿಷ್ ಅಕ್ಕಿ ಬಂತು, ದಿನಕ್ಕೆ ನಾಲ್ಕು ಸಲ ಸಕ್ಕರೆ ಹಾಕಿದ ಟೀ ಬಂತು, ಸಂಜೆಯ ಬೋಂಡ, ಬೇಕರಿಯ ತಿನಿಸು ಬಂದವು. ಊರಿನ ಹಿರಿಯರ ಪ್ರಶ್ನೆಗೆ ಉತ್ತರ ಇಲ್ಲಿದೆ: ರಾಗಿ ಬದಲಾಗಲಿಲ್ಲ, ರಾಗಿ ಉಣ್ಣುವವನ ದಿನ ಬದಲಾಯಿತು. ಇದು ಕ್ಯಾಲನೂರಿನ ಕಥೆ ಮಾತ್ರವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10 ಕೋಟಿ 10 ಲಕ್ಷ. ಇನ್ನೂ 13 ಕೋಟಿ 60 ಲಕ್ಷ ಜನ ರೋಗದ ಹೊಸ್ತಿಲಲ್ಲಿ ನಿಂತಿದ್ದಾರೆ.

ಈಗ ರಾಗಿಯ ವಿಚಾರಕ್ಕೆ ಬರೋಣ. ರಾಗಿ ಉತ್ತಮ ಧಾನ್ಯವೆಂಬುದರಲ್ಲಿ ಸಂಶಯವಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಇದ್ದರೆ ಪಾಲಿಷ್ ಮಾಡಿದ ಅಕ್ಕಿಯಲ್ಲಿ 3 ಗ್ರಾಮಿಗೂ ಕಡಿಮೆ. ಸುಣ್ಣದ ಅಂಶವಾದ ಕ್ಯಾಲ್ಸಿಯಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು. ಈ ವಿಷಯದಲ್ಲಿ ಅಕ್ಕಿ ಅದರ ಹತ್ತಿರಕ್ಕೂ ಬರಲಾರದು. ಆದರೆ ರಕ್ತದಲ್ಲಿ ಸಕ್ಕರೆಯಾಗಿ ಪರಿಣಮಿಸುವ ಪಿಷ್ಟಾದಿ ಅಂಶ, ವೈದ್ಯರ ಮಾತಿನಲ್ಲಿ ಕಾರ್ಬೋಹೈಡ್ರೇಟ್, ಅಕ್ಕಿಯಲ್ಲಿ 78 ಗ್ರಾಂ ಇದ್ದರೆ ರಾಗಿಯಲ್ಲೂ 67 ಗ್ರಾಂ ಇದೆ. ಅಂತರವಿದೆ, ಆದರೆ ಬಹಳ ದೊಡ್ಡ ಅಂತರವೇನಲ್ಲ. ಅದೂ ಅಲ್ಲದೆ ರಾಗಿಯನ್ನು ನಾವು ನುಣ್ಣಗೆ ಬೀಸಿ, ಚೆನ್ನಾಗಿ ಬೇಯಿಸಿ, ಅಗಿಯದೆ ನುಂಗುತ್ತೇವೆ. ಹಿಟ್ಟು ನುಣುಪಾದಷ್ಟೂ, ಬೇಯಿಸಿ ತೆಳುವಾದಷ್ಟೂ ಅದು ಬೇಗ ಸಕ್ಕರೆಯಾಗುತ್ತದೆ. ಆದುದರಿಂದ ‘ಶುಗರಿಗೆ ಒಳ್ಳೆಯದು’ ಎಂದು ಬೆಳಿಗ್ಗೆ ಎದ್ದೊಡನೆ ದೊಡ್ಡ ಲೋಟದಲ್ಲಿ ರಾಗಿ ಗಂಜಿ ಕುಡಿಯುವವರು ನಿರೀಕ್ಷಿಸಿದ ಫಲ ಕಾಣದೆ ಬೆರಗಾಗುತ್ತಾರೆ.

ಒಮ್ಮೆ ಕುತೂಹಲದಿಂದ ನಮ್ಮ ಮನೆಯ ಮುದ್ದೆಗಳನ್ನು ತಕ್ಕಡಿಯಲ್ಲಿಟ್ಟು ನೋಡಿದೆ. ಊರಿನ ಕಡೆಯ ದೊಡ್ಡ ಮುದ್ದೆ ಸುಮಾರು 350 ಗ್ರಾಂ ತೂಗಿತು. ಅದಕ್ಕೆ ಹಿಡಿದ ಹಿಟ್ಟು 130 ಗ್ರಾಂ. ಎಂದರೆ ಒಂದೇ ಮುದ್ದೆಯಲ್ಲಿ ಸುಮಾರು 87 ಗ್ರಾಂ ಕಾರ್ಬೋಹೈಡ್ರೇಟ್! ಕಿತ್ತಳೆ ಹಣ್ಣಿನ ಗಾತ್ರದ 150 ಗ್ರಾಮಿನ ಮುದ್ದೆಯಲ್ಲಾದರೆ ಅದು 40 ಗ್ರಾಮಿನೊಳಗೆ ನಿಲ್ಲುತ್ತದೆ. ಅಂದಿನಿಂದ ನನ್ನ ಮುದ್ದೆ ಕಿತ್ತಳೆಯ ಗಾತ್ರದ್ದೇ. ಮುದ್ದೆಯಾದ ಮೇಲೆ ಸಾರನ್ನ, ಅದರ ಮೇಲೆ ಮಜ್ಜಿಗೆಯನ್ನ ಎಂಬ ಸಂಪ್ರದಾಯವನ್ನೂ ಕೈಬಿಟ್ಟೆ. ಮುದ್ದೆ ಉಂಡ ಹೊತ್ತು ಅನ್ನವಿಲ್ಲ, ಅನ್ನ ಉಂಡ ಹೊತ್ತು ಮುದ್ದೆಯಿಲ್ಲ.

ಹಾಗಾದರೆ ಹೊಟ್ಟೆ ತುಂಬುವುದು ಹೇಗೆ? ಅದಕ್ಕೆ ಬೇಕಾದುದೆಲ್ಲ ನಮ್ಮ ಸೀಮೆಯ ಅಡಿಗೆಯಲ್ಲೇ ಇದೆ. ತಟ್ಟೆಯ ಅರ್ಧ ಭಾಗ ಸೊಪ್ಪು ತರಕಾರಿ, ಕಾಲು ಭಾಗ ಕಾಳು, ಬೇಳೆ, ಮೊಟ್ಟೆ ಅಥವಾ ಮೀನು, ಉಳಿದ ಕಾಲು ಭಾಗ ಮಾತ್ರ ಮುದ್ದೆ ಅಥವಾ ಅನ್ನ ಎಂಬುದು ಇಂದು ಪಥ್ಯತಜ್ಞರು ಹೇಳುವ ಸೂತ್ರ. ಬೆರಕೆ ಸೊಪ್ಪಿನ ಮಸ್ಸೊಪ್ಪು, ಹುರುಳಿಕಾಳಿನ ಬಸ್ಸಾರು ಮತ್ತು ಅದರ ಪಲ್ಯ, ಚಳಿಗಾಲದ ಅವರೆಕಾಳು ಇವುಗಳನ್ನು ಮುದ್ದೆಯನ್ನು ಜಾರಿಸುವ ಸಾಧನಗಳೆಂದು ಭಾವಿಸದೆ, ಇವೇ ಊಟ, ಮುದ್ದೆ ಇವಕ್ಕೆ ಜೊತೆ ಎಂದು ತಿಳಿದರೆ ಅರ್ಧ ಪಥ್ಯ ಸಾಧಿಸಿದಂತೆ. ಪಲ್ಯವನ್ನೂ ಕಾಳನ್ನೂ ಮೊದಲು ತಿಂದು ಅನಂತರ ಮುದ್ದೆಗೆ ಕೈಹಾಕಿದರೆ ಸಕ್ಕರೆ ಏರುವ ವೇಗ ತಗ್ಗುತ್ತದೆ. ಬೆಲ್ಲ, ಜೇನುತುಪ್ಪಗಳಿಗೆ ವಿನಾಯಿತಿ ಇದೆಯೆಂಬುದು ಭ್ರಮೆ. ರಕ್ತಕ್ಕೆ ಅವೂ ಸಕ್ಕರೆಯೇ. ಶ್ರೀನಿವಾಸಪುರದ ಮಾವಿನ ಸುಗ್ಗಿಯಲ್ಲಿ ಈ ಜಿಲ್ಲೆಯ ಮಧುಮೇಹಿ ಪಡುವ ಸಂಕಟ ಇತರರಿಗೆ ತಿಳಿಯದು. 100 ಗ್ರಾಂ ಮಾವಿನ ತಿರುಳಿನಲ್ಲಿ ಸುಮಾರು 14 ಗ್ರಾಂ ಸಕ್ಕರೆಯಿದೆ. ಸಕ್ಕರೆ ಹತೋಟಿಯಲ್ಲಿರುವವನು ಊಟವಾದ ಮೇಲೆ ಅಲ್ಲದೆ, ಬೇರೆ ಹೊತ್ತಿನಲ್ಲಿ, ಮಿಕ್ಕ ತಿಂಡಿಗೆ ಬದಲಾಗಿ, ಒಂದೆರಡು ಹೋಳು ಬಾದಾಮಿ ಮಾವು ತಿಂದರೆ ಪ್ರಪಂಚ ಮುಳುಗುವುದಿಲ್ಲ. ರಸ ಹಿಂಡಿ ಕುಡಿಯುವುದು ಮಾತ್ರ ಸಲ್ಲದು.

ವ್ಯಾಯಾಮದ ವಿಷಯದಲ್ಲಿ ಒಂದು ಸತ್ಯವನ್ನು ಮನಗಂಡರೆ ಸಾಕು. ದುಡಿಯುವ ಸ್ನಾಯು ಇನ್ಸುಲಿನ್ನಿನ ಹಂಗಿಲ್ಲದೆಯೂ ರಕ್ತದಿಂದ ಸಕ್ಕರೆಯನ್ನು ಸೆಳೆದುಕೊಳ್ಳಬಲ್ಲದು. ಅಲ್ಲದೆ ಶ್ರಮ ಮುಗಿದ ಮೇಲೂ ಹಲವು ಗಂಟೆಗಳವರೆಗೆ, ಕೆಲವೊಮ್ಮೆ ಒಂದಿಡೀ ದಿನ, ಇನ್ಸುಲಿನ್ ಹೆಚ್ಚು ಸುಲಭವಾಗಿ ಕೆಲಸ ಮಾಡುತ್ತದೆ. ತೂಬಿನ ಹೂಳು ತೆಗೆಯುವ ಕೆಲಸವೆಂದರೆ ಇದೇ. ವಾರಕ್ಕೆ 150 ನಿಮಿಷ ಚುರುಕಾದ ನಡಿಗೆ, ಎಂದರೆ ವಾರದಲ್ಲಿ ಐದು ದಿನ ಅರ್ಧ ಗಂಟೆ, ಕನಿಷ್ಠವೆಂದು ತಜ್ಞರು ಹೇಳುತ್ತಾರೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಅಡ್ಡಾಡುವುದು ಆ ಊಟದ ಸಕ್ಕರೆಯನ್ನೇ ತಗ್ಗಿಸುತ್ತದೆ. “ನಾವು ತೋಟದಲ್ಲಿ ಓಡಾಡೋದಿಲ್ಲವಾ ಸ್ವಾಮಿ?” ಎಂದು ಕೇಳುವವರಿದ್ದಾರೆ. ಹತ್ತು ಹೆಜ್ಜೆ ನಡೆದು ನಿಂತು, ಕೂಲಿಯವರೊಡನೆ ಮಾತಾಡಿ, ಮತ್ತೆ ಹತ್ತು ಹೆಜ್ಜೆ ಇಡುವುದು ಓಡಾಟವೇ ಹೊರತು ವ್ಯಾಯಾಮವಲ್ಲ. ಮಾತಾಡಬಹುದು, ಆದರೆ ಹಾಡಲಾಗದು ಎನ್ನುವಷ್ಟು ಉಸಿರು ಏರಬೇಕು.

ನಡೆಯುವವನು ಬರಿಗಾಲಿನಲ್ಲಿ ನಡೆಯಬಾರದು. ಸುಶ್ರುತನಿಂದ ನಾವು ಅಗಲಬೇಕಾದ ಜಾಗ ಇದು. ಬಹುಕಾಲದ ಮಧುಮೇಹದಲ್ಲಿ ಪಾದದ ನರಗಳು ಸ್ಪರ್ಶ ಕಳೆದುಕೊಳ್ಳುತ್ತವೆ, ರಕ್ತದ ಓಟ ಕುಗ್ಗುತ್ತದೆ. ಜಾಲಿಯ ಮುಳ್ಳು ಮುರಿದು ಒಳಗೆ ಕುಳಿತರೂ ಅರಿವಾಗದು. ಅರಿವಾಗುವ ಹೊತ್ತಿಗೆ ಕೀವು ಮೂಳೆಯನ್ನು ಮುಟ್ಟಿರುತ್ತದೆ. ರಾತ್ರಿ ಮಲಗುವ ಮುನ್ನ ದೀಪದ ಬೆಳಕಿನಲ್ಲಿ ಎರಡೂ ಅಂಗಾಲುಗಳನ್ನು, ಬೆರಳ ಸಂದುಗಳನ್ನು ನೋಡಿಕೊಳ್ಳುವುದು ದೇವರಿಗೆ ಕೈಮುಗಿಯುವಷ್ಟೇ ನಿತ್ಯದ ಕರ್ಮವಾಗಬೇಕು.

ಇನ್ನು ಸೂಜಿಯ ಮಾತು. ನಮ್ಮ ಜನಕ್ಕೆ ಇನ್ಸುಲಿನ್ ಎಂದರೆ ಭಯ. “ಸೂಜಿ ಬರೆದುಕೊಟ್ಟರು ಅಂದರೆ ಮುಗೀತು ಅಂತಾನೇ ಅಲ್ಲವಾ?” ಎಂದು ಊರಿನಲ್ಲಿ ಒಬ್ಬ ಅಜ್ಜಿ ನನ್ನನ್ನೇ ಕೇಳಿದರು. ಈ ಭಯಕ್ಕೆ ಕಾರಣವಿಲ್ಲದೆ ಇಲ್ಲ. ಸೂಜಿಯನ್ನು ಕೊನೆಯವರೆಗೂ ಮುಂದೂಡಿ, ಮೂತ್ರಪಿಂಡವೋ ಕಣ್ಣೋ ಕಾಲೋ ಕೆಟ್ಟ ಮೇಲೆ ಆರಂಭಿಸಿದವರನ್ನೇ ಜನ ನೋಡಿದ್ದಾರೆ. ಸೂಜಿಯಿಂದಲೇ ಕೆಟ್ಟಿತೆಂದು ತಿಳಿಯುತ್ತಾರೆ. ಕೆಟ್ಟಿದ್ದು ಮುಂದೂಡಿದ್ದರಿಂದ. ನನ್ನ ದೊಡ್ಡಪ್ಪನ ಮಗ, ನನಗಿಂತ ಐದು ವರ್ಷಕ್ಕೆ ಹಿರಿಯ, ಯಾರದೋ ಮಾತು ಕೇಳಿ ಇನ್ಸುಲಿನ್ ಬಿಟ್ಟು ಬೇರಿನ ಪುಡಿಗೆ ಶರಣಾದ. ಪುಡಿ ನಿಲ್ಲಿಸಿ ಆಸ್ಪತ್ರೆ ಸೇರಿದಾಗ ಎಂಟು ತಿಂಗಳು ಕಳೆದಿತ್ತು. ಬಲಗಾಲನ್ನು ಮೊಳಕಾಲಿನ ಕೆಳಗೆ ತೆಗೆಯಬೇಕಾಯಿತು.

ಇನ್ಸುಲಿನ್ ಬರುವ ಮುಂಚೆ ಏನಿತ್ತೆಂಬುದನ್ನು ತಿಳಿದರೆ ಅದರ ಬೆಲೆ ತಿಳಿಯುತ್ತದೆ. ಮಧುಮೇಹ ತಗುಲಿದ ಮಗುವಿಗೆ ಅಂದು ಇದ್ದ ಚಿಕಿತ್ಸೆ ಒಂದೇ: ಉಪವಾಸ. ಮೂಳೆ ಚಕ್ಕಳವಾಗಿ ಕೆಲವು ತಿಂಗಳು ಹೆಚ್ಚು ಬದುಕುವುದಷ್ಟೇ ಅದರ ಲಾಭ. 1921ರಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬಿಬ್ಬರು, ಮ್ಯಾಕ್ಲಿಯಾಡ್ ಎಂಬ ಪ್ರಾಧ್ಯಾಪಕರ ಪ್ರಯೋಗಾಲಯದಲ್ಲಿ, ನಾಯಿಗಳ ಮೇದೋಜೀರಕದಿಂದ ಈ ರಸವನ್ನು ಬೇರ್ಪಡಿಸಿದರು. 1922ರ ಜನವರಿ 11ರಂದು ಲೆನರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಸೂಜಿ ಹಾಕಲಾಯಿತು. ರಸ ಶುದ್ಧವಾಗಿರಲಿಲ್ಲ, ಫಲ ಕಾಣಲಿಲ್ಲ. ಕಾಲಿಪ್ ಎಂಬ ರಸಾಯನತಜ್ಞ ಅದನ್ನು ಶುದ್ಧಗೊಳಿಸಿದ. ಜನವರಿ 23ರಂದು ಮತ್ತೆ ಕೊಟ್ಟಾಗ ಹುಡುಗ ಚೇತರಿಸಿಕೊಂಡ. ಸಾವಿನ ಬಾಗಿಲಲ್ಲಿದ್ದವನು ಇನ್ನೂ 13 ವರ್ಷ ಬದುಕಿದ. ಶೋಧಕರು ಹಕ್ಕುಪತ್ರವನ್ನು ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬರೆದುಕೊಟ್ಟರು. ಸ್ವತಃ ಮಧುಮೇಹಿಯಾಗಿದ್ದ ಕಾದಂಬರಿಕಾರ ಎಚ್. ಜಿ. ವೆಲ್ಸ್, ಇನ್ಸುಲಿನ್ನಿನಿಂದಲೇ ಬದುಕುಳಿದ ವೈದ್ಯ ಆರ್. ಡಿ. ಲಾರೆನ್ಸರೊಡನೆ ಸೇರಿ 1934ರಲ್ಲಿ ಲಂಡನ್ನಿನಲ್ಲಿ ಮಧುಮೇಹಿಗಳ ಸಂಘವನ್ನು ಸ್ಥಾಪಿಸಿದ ಸಂಗತಿ ಸಾಹಿತ್ಯಪ್ರಿಯರಿಗೆ ಹಿಡಿಸೀತು.

ಬಹುಕಾಲ ಇನ್ಸುಲಿನ್ನನ್ನು ದನ, ಹಂದಿಗಳ ಗ್ರಂಥಿಗಳಿಂದ ತೆಗೆಯುತ್ತಿದ್ದರು. ಮಡಿವಂತರಿಗೆ ಅದೂ ಒಂದು ಹಿಂಜರಿಕೆಯಾಗಿತ್ತು. 1982ರಿಂದೀಚೆಗೆ ಸೂಕ್ಷ್ಮಜೀವಿಗಳಿಂದ ಮಾನವ ಇನ್ಸುಲಿನ್ನನ್ನೇ ತಯಾರಿಸುವ ವಿದ್ಯೆ ಬಳಕೆಗೆ ಬಂತು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಸಂಸ್ಥೆಯೂ ಅಂಥ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ಆ ಹಿಂಜರಿಕೆಗೆ ಈಗ ಎಡೆಯಿಲ್ಲ. ಎರಡನೆಯ ಬಗೆಯ ರೋಗದಲ್ಲಿ ವರ್ಷಗಳು ಕಳೆದಂತೆ ಇನ್ಸುಲಿನ್ ಒಸರುವ ಕೋಶಗಳು ಕ್ಷೀಣಿಸುವುದು ರೋಗದ ಸ್ವಭಾವ. ಆಗ ಮಾತ್ರೆ ಸಾಲದೆ ಸೂಜಿ ಬೇಕಾದರೆ ಅದು ಸೋಲಲ್ಲ. ದಣಿದ ನೀರಗಂಟಿಗೆ ಇನ್ನೊಬ್ಬ ಆಳನ್ನು ಕೊಟ್ಟಂತೆ.

ಸೂಜಿಯ ಬಳಕೆಯಲ್ಲಿ ಕೆಲವು ಎಚ್ಚರಿಕೆಗಳು ಪ್ರಾಣದಷ್ಟು ಮುಖ್ಯ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಸೀಸೆಯ ಇನ್ಸುಲಿನ್ನಿನಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ. ಪೆನ್ನಿನಲ್ಲಿ ಬರುವುದು 100 ಯೂನಿಟ್ಟಿನದು. 40ರ ಸೀಸೆಗೆ ಕೆಂಪು ಮುಚ್ಚಳದ ಸಿರಿಂಜು, 100ರ ಸೀಸೆಗೆ ಕಿತ್ತಳೆ ಬಣ್ಣದ ಮುಚ್ಚಳದ್ದು. ಅದಲುಬದಲಾದರೆ ಲೆಕ್ಕವೇ ತಪ್ಪುತ್ತದೆ. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ತುಂಬಿದರೆ ದೇಹಕ್ಕೆ ಹೋಗುವುದು 20 ಅಲ್ಲ, 50 ಯೂನಿಟ್. ಅಂಗಡಿಯಲ್ಲಿ ಸೀಸೆಯನ್ನೂ ಸಿರಿಂಜನ್ನೂ ಪಕ್ಕಪಕ್ಕದಲ್ಲಿಟ್ಟು ಅಂಕಿ ಓದಿಯೇ ಕೊಳ್ಳಬೇಕು. ಓದುಬಾರದವರಿಗೆ ಶಾಲೆಗೆ ಹೋಗುವ ಮೊಮ್ಮಗಳು ಓದಿ ಹೇಳಲಿ.

ಸೂಜಿ ಹಾಕುವ ಜಾಗ ಹೊಟ್ಟೆ ಅಥವಾ ತೊಡೆ. ಹೊಕ್ಕುಳಿನಿಂದ ಎರಡು ಬೆರಳು ದೂರವಿರಬೇಕು. ದಿನವೂ ಜಾಗ ಬದಲಿಸಬೇಕು. ಒಂದೇ ಕಡೆ ಚುಚ್ಚುತ್ತಿದ್ದರೆ ಚರ್ಮದಡಿ ಗಂಟು ಕಟ್ಟಿ ಔಷಧ ಸರಿಯಾಗಿ ಹೀರಿಕೊಳ್ಳದು. ಮೋಡದಂತೆ ಬೆಳ್ಳಗಿರುವ ಇನ್ಸುಲಿನ್ನನ್ನು ಕುಲುಕದೆ ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿ ಬೆರೆಸಬೇಕು. ಒಡೆಯದ ಸೀಸೆಯನ್ನು ಫ್ರಿಜ್ಜಿನ ಒಳಗೆ, ಮಂಜುಗಟ್ಟುವ ಅರೆಯಿಂದ ದೂರ ಇಡಬೇಕು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ನಿರುಪಯುಕ್ತ. ಬಳಕೆಯಲ್ಲಿರುವ ಸೀಸೆಯನ್ನು ತಂಪಾದ ಜಾಗದಲ್ಲಿ ಸುಮಾರು ನಾಲ್ಕು ವಾರ ಇಟ್ಟುಕೊಳ್ಳಬಹುದು. ಫ್ರಿಜ್ಜಿಲ್ಲದ ಮನೆಯವರು ಎದೆಗುಂದಬೇಕಾಗಿಲ್ಲ. ಅಗಲವಾದ ಮಣ್ಣಿನ ಮಡಕೆಯಲ್ಲಿ ಒದ್ದೆ ಮರಳು ಹಾಕಿ, ಅದರೊಳಗೆ ಸಣ್ಣ ಕುಡಿಕೆಯನ್ನಿಟ್ಟು, ಸೀಸೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕುಡಿಕೆಯೊಳಗಿಟ್ಟು ನೆರಳಿನಲ್ಲಿರಿಸಿದರೆ ಹೊರಗಿನ ಸೆಕೆಗಿಂತ ಹಲವು ಡಿಗ್ರಿ ತಂಪಿರುತ್ತದೆ. ಕೆನ್ಯಾದ ದಡಾಬ್ ನಿರಾಶ್ರಿತರ ಶಿಬಿರದ ಉಷ್ಣಾಂಶವನ್ನು ಅನುಸರಿಸಿ ನಡೆಸಿದ, 2021ರಲ್ಲಿ ಪ್ರಕಟವಾದ ಅಧ್ಯಯನವೊಂದು 25ರಿಂದ 37 ಡಿಗ್ರಿಯ ನಡುವೆ ಏರಿಳಿದ ತಾಪದಲ್ಲಿ ನಾಲ್ಕು ವಾರವಿದ್ದ ಇನ್ಸುಲಿನ್ ತನ್ನ ಗುಣವನ್ನು ಉಳಿಸಿಕೊಂಡಿದ್ದುದನ್ನು ತೋರಿಸಿದೆ. ಬಿಸಿಲಲ್ಲಿ ನಿಂತ ಮೋಟಾರ್ ಸೈಕಲಿನ ಪೆಟ್ಟಿಗೆಯಲ್ಲಿ ಮಾತ್ರ ಅದನ್ನು ಬಿಡಬಾರದು.

ಎಲ್ಲಕ್ಕಿಂತ ಮುಖ್ಯವಾದ ಮಾತು ಈಗ ಬರುತ್ತದೆ. ಆಹಾರ, ಶ್ರಮ, ಇನ್ಸುಲಿನ್ ಇವು ಮೂರು ಬೇರೆ ಬೇರೆ ಚಿಕಿತ್ಸೆಗಳಲ್ಲ. ಒಲೆಯ ಮೂರು ಗುಂಡುಗಳು. ಒಂದನ್ನು ಸರಿಸಿದರೆ ಉಳಿದೆರಡು ನೇರವಾಗಿದ್ದರೂ ಮಡಕೆ ವಾಲುತ್ತದೆ. ಸೂಜಿ ಹಾಕಿಕೊಂಡು ಊಟ ತಡವಾದರೆ, ಅಥವಾ ಎಂದಿನ ಸೂಜಿ ಎಂದಿನ ಊಟದ ಮೇಲೆ ಎಂದಿಲ್ಲದಂತೆ ಇಡೀ ದಿನ ಕಳೆ ಕಿತ್ತರೆ, ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿಯಬಹುದು. ಕೈ ನಡುಕ, ತಣ್ಣನೆಯ ಬೆವರು, ಎದೆಬಡಿತ, ತಾಳಲಾರದ ಹಸಿವು, ತೊದಲು ಮಾತು, ಕಾರಣವಿಲ್ಲದ ಸಿಟ್ಟು ಇವು ಅದರ ಸೂಚನೆ. ನೋಡಿದವರು ಕುಡಿದಿದ್ದಾನೆಂದು ಹೀಯಾಳಿಸುವುದೂ ಉಂಟು. ಕೂಡಲೇ ಮೂರು ಟೀಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಬೇಕು. ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕೊಡಬೇಕು. ಅನಂತರ ಏನಾದರೂ ಉಣ್ಣಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ, ಮಗ್ಗುಲಾಗಿ ಮಲಗಿಸಿ, ಆಸ್ಪತ್ರೆಗೆ ಕರೆದೊಯ್ಯಬೇಕು. ನನ್ನ ಅಂಗಿಯ ಜೇಬಿನಲ್ಲಿ ಕನ್ನಡಕದ ಜೊತೆಗೆ ಸಕ್ಕರೆಯ ಪೊಟ್ಟಣವೊಂದು ಸದಾ ಇರುತ್ತದೆ. ಹೊಲಕ್ಕೆ ಹೋಗುವವರ ಸೊಂಟದ ಚೀಲದಲ್ಲೂ ಅದಿರಲಿ.

ಇದಕ್ಕೆ ಪ್ರತಿಯಾದ ಅಪಾಯ ಕಾಯಿಲೆಯ ದಿನಗಳದು. ಜ್ವರ ಬಂದಿದೆ, ಊಟ ಸೇರುತ್ತಿಲ್ಲ ಎಂದು ಇನ್ಸುಲಿನ್ನನ್ನು ಪೂರ್ತಿ ನಿಲ್ಲಿಸುವವರಿದ್ದಾರೆ. ಜ್ವರದಲ್ಲಿ ಊಟ ಮಾಡದಿದ್ದರೂ ಸಕ್ಕರೆ ಏರುತ್ತದೆ. ಮೊದಲ ಬಗೆಯ ರೋಗವಿರುವ ಮಕ್ಕಳಲ್ಲಿ ಸೂಜಿ ನಿಂತರೆ ಒಂದೆರಡು ದಿನದಲ್ಲೇ ರಕ್ತ ಹುಳಿಯೇರಿ, ವಾಂತಿ, ಹೊಟ್ಟೆನೋವು, ಏದುಸಿರು ಕಾಣಿಸಿಕೊಂಡು ಪ್ರಾಣಕ್ಕೇ ಸಂಚಕಾರ ಬರುತ್ತದೆ. ಅಂಥ ಮಕ್ಕಳಿಗೆ ಜಾತ್ರೆಯ ನೆವ, ವ್ರತದ ನೆವ, ಪುಡಿ ಕಷಾಯದ ನೆವ ಯಾವುದರಿಂದಲೂ ಇನ್ಸುಲಿನ್ ತಪ್ಪಿಸಕೂಡದು. ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡುವ ಮಾತು ವೈದ್ಯರದು.

ಒಲೆ ನೇರವಾಗಿದೆಯೇ ಎಂದು ತಿಳಿಯಲು ರಕ್ತ ಪರೀಕ್ಷೆಯೇ ದಾರಿ. ಬೆಳಗಿನ ಬರಿಹೊಟ್ಟೆಯಲ್ಲಿ 126 ಅಥವಾ ಹೆಚ್ಚು ಕಂಡರೆ ಮಧುಮೇಹವೆಂದು ಲೆಕ್ಕ, ಮರುಪರೀಕ್ಷೆಯಿಂದ ಅದನ್ನು ಖಚಿತಪಡಿಸಿಕೊಳ್ಳುತ್ತಾರೆ. ಚಿಕಿತ್ಸೆಯಲ್ಲಿರುವ ಹೆಚ್ಚಿನವರಿಗೆ ಬರಿಹೊಟ್ಟೆಯಲ್ಲಿ 80ರಿಂದ 130, ಊಟದ ನಂತರ 180ರೊಳಗೆ ಎಂಬುದು ಗುರಿ. ವೃದ್ಧರಿಗೆ ವೈದ್ಯರು ಇದನ್ನು ಸಡಿಲಿಸುತ್ತಾರೆ. ಮೂರು ತಿಂಗಳ ಸರಾಸರಿಯನ್ನು ಹೇಳುವ ಎಚ್‌ಬಿಎ1ಸಿ ಎಂಬ ಪರೀಕ್ಷೆಯೂ ಇದೆ. ಪರೀಕ್ಷೆಯ ಹಿಂದಿನ ದಿನ ಮಾತ್ರ ಪಥ್ಯ ಮಾಡುವವರ ಗುಟ್ಟನ್ನು ಅದು ಬಯಲು ಮಾಡುತ್ತದೆ! 2024ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ ‘ಗೃಹ ಆರೋಗ್ಯ’ ಎಂಬ ಯೋಜನೆಯನ್ನು ಮೊದಲು ಆರಂಭಿಸಿದ್ದು ನಮ್ಮ ಕೋಲಾರ ಜಿಲ್ಲೆಯಲ್ಲಿಯೇ. ಮನೆಬಾಗಿಲಿಗೆ ಬಂದು ರಕ್ತದೊತ್ತಡ, ಮಧುಮೇಹ ಮುಂತಾದವುಗಳ ತಪಾಸಣೆ ಮಾಡುವ ಈ ಕೆಲಸ ಮುಂದೆ ರಾಜ್ಯದ ಉಳಿದ ಕಡೆಗೂ ಹಬ್ಬಿತು. ಬಂದವರಿಗೆ ‘ನಮಗೇನೂ ಇಲ್ಲಮ್ಮ’ ಎಂದು ಹೇಳಿ ಕಳುಹಿಸದಿರುವುದು ನಮ್ಮ ಪಾಲಿನ ಕರ್ತವ್ಯ. ಯಾಕೆಂದರೆ ಈ ರೋಗ ಬಹುಕಾಲ ಸದ್ದಿಲ್ಲದೆ ಮನೆ ಮಾಡಿಕೊಂಡಿರುತ್ತದೆ.

ಕೊನೆಯದಾಗಿ ಒಂದು ಮಾತು ಉಳಿದಿದೆ. ಇದುವರೆಗೆ ನಾನು ‘ರೋಗಿ’ ಎಂದಾಗಲೆಲ್ಲ ಕೇಳುತ್ತಿದ್ದವರ ಮನಸ್ಸಿನಲ್ಲಿ ಬಹುಶಃ ಗಂಡಸಿನ ಚಿತ್ರವೇ ಮೂಡಿರಬಹುದು. ನಮ್ಮ ಮನೆಗಳಲ್ಲಿ ಮಧುಮೇಹವಿರುವ ಗಂಡಸಿಗೆ ಬೇರೆ ಪಲ್ಯ, ಹೊತ್ತಿಗೆ ಸರಿಯಾಗಿ ಊಟ, ಸಂಜೆಯ ನಡಿಗೆಗೆ ಬಿಡುವು ಎಲ್ಲವೂ ಒದಗುತ್ತವೆ, ಒದಗಿಸುವವಳು ಮನೆಯಾಕೆ. ಅದೇ ರೋಗ ಆಕೆಗೆ ಬಂದಾಗ? ಬೆಳಿಗ್ಗೆ ಸೂಜಿ ಹಾಕಿಕೊಂಡು, ಮಕ್ಕಳಿಗೆ ಬಡಿಸಿ, ಗಂಡನಿಗೆ ಬಡಿಸಿ, ಹಸುವಿಗೆ ಮೇವು ಹಾಕಿ, ಹನ್ನೊಂದು ಗಂಟೆಗೆ ತಳದಲ್ಲಿ ಉಳಿದುದನ್ನು ಉಣ್ಣುವ ತಾಯಂದಿರು ಇಂದಿಗೂ ಮನೆಮನೆಯಲ್ಲಿದ್ದಾರೆ. ಪಲ್ಯ ತೀರಿರುತ್ತದೆ, ಮುದ್ದೆ ಉಳಿದಿರುತ್ತದೆ. ಅವರ ಸಕ್ಕರೆ ಹತ್ತು ಗಂಟೆಗೆ ಕುಸಿದು ಮಧ್ಯಾಹ್ನ ಮುಗಿಲಿಗೇರಿದರೆ ತಪ್ಪು ಯಾವ ಔಷಧದ್ದೂ ಅಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲ ಪಂಕ್ತಿಯಲ್ಲಿ ಉಣ್ಣಬೇಕು, ಅವರು ಮಾವನವರಾಗಲಿ ಸೊಸೆಯಾಗಲಿ. ಈ ಒಂದು ಕಟ್ಟಳೆಯನ್ನು ಮನೆಯವರೆಲ್ಲ ಒಪ್ಪಿ ನಡೆಸಿದರೆ ಎಷ್ಟೋ ಕಣ್ಣುಗಳು, ಎಷ್ಟೋ ಕಾಲುಗಳು ಉಳಿದಾವು. ಅದಕ್ಕೆ ದುಡ್ಡು ಬೇಕಾಗಿಲ್ಲ; ತಟ್ಟೆಯನ್ನು ಮೊದಲು ಅವರ ಮುಂದೆ ಇಟ್ಟರೆ ಸಾಕು.